ಸುಣ್ಣದಡಿ ಎಂಬತ್ತು ವರ್ಷ: ಓಲ್ವೇರಾ ಬೀದಿಯ ಗೋಡೆಚಿತ್ರದ ಪ್ರಕರಣ

ಲಾಸ್ ಏಂಜಲೀಸಿನ ಓಲ್ವೇರಾ ಬೀದಿಯಲ್ಲಿ 1932ರ ಅಕ್ಟೋಬರ್ 9ರಂದು ಒಂದು ದೊಡ್ಡ ಗೋಡೆಚಿತ್ರದ ಅನಾವರಣವಾಯಿತು. ಅದೇ ಗೋಡೆಯನ್ನು ಜನರಿಗೆ ಮತ್ತೆ ತೆರೆದದ್ದು 2012ರ ಅಕ್ಟೋಬರ್ 9ರಂದು. ನಡುವಿನ ಎಂಬತ್ತು ವರ್ಷಗಳಲ್ಲಿ ಬಹುಕಾಲ ಅದು ಸುಣ್ಣದಡಿಯೋ ಪ್ಲೈವುಡ್ ಹಲಗೆಯ ಹಿಂದೆಯೋ ಕಳೆಯಿತು. ಚಿತ್ರದ ಹೆಸರು ‘ಅಮೆರಿಕಾ ಟ್ರಾಪಿಕಲ್’. ಬರೆದವರು ಮೆಕ್ಸಿಕೋದ ಡೇವಿಡ್ ಅಲ್ಫಾರೊ ಸಿಕೇರೋಸ್. ಡಿಯೆಗೊ ರಿವೆರಾ ಮತ್ತು ಹೊಸೆ ಕ್ಲೆಮೆಂಟೆ ಒರೋಸ್ಕೊ ಜೊತೆಗೆ ಮೆಕ್ಸಿಕೋದ ಭಿತ್ತಿಚಿತ್ರ ಚಳವಳಿಯ ಮೂವರು ದೊಡ್ಡವರಲ್ಲಿ ಒಬ್ಬರು.

ಹಿಸ್ಪಾನಿಕ್ ಪರಂಪರೆಯನ್ನು ಕೊಂಡಾಡಲೆಂದೇ ಕಟ್ಟಿದ ಬೀದಿಯಲ್ಲಿ, ಆ ಪರಂಪರೆಯ ಅತಿ ದೊಡ್ಡ ಕಲಾವಿದರೊಬ್ಬರ ಕೆಲಸಕ್ಕೇ ಜಾಗವಿಲ್ಲದೆ ಹೋದದ್ದು ಹೇಗೆ, ಕೊನೆಗೆ ಉಳಿದಷ್ಟನ್ನು ಉಳಿಸಿಕೊಂಡದ್ದು ಹೇಗೆ ಎಂಬುದು ಈ ಪ್ರಕರಣದ ವಿಷಯ. ಸೆನ್ಸಾರ್‌ಶಿಪ್ಪಿನ ಕಥೆಯಾಗಿ ಇದನ್ನು ಬಹಳ ಸಲ ಹೇಳಿದ್ದಾರೆ. ಅದು ಸುಳ್ಳೇನಲ್ಲ. ಆದರೆ ಗೋಡೆ ಯಾರದು, ಯಾವ ಕಡೆಯಿಂದ ಕಾಣುತ್ತದೆ, ಗಾರೆಗೆ ಏನು ಹಾಕಿದ್ದರು, ಕೆಲಸ ಒಪ್ಪಿಸಿದವರು ಏನು ಕೇಳಿದ್ದರು ಎಂಬ ನಾಲ್ಕು ಸಂಗತಿಗಳನ್ನು ಪಕ್ಕಕ್ಕಿಟ್ಟು ಓದಿದರೆ ಈ ಪ್ರಕರಣದಿಂದ ಕೆಲಸಕ್ಕೆ ಬರುವಂಥದ್ದು ಹೆಚ್ಚೇನೂ ಸಿಗುವುದಿಲ್ಲ.

ಬೀದಿ ಮತ್ತು ಬೇಡಿಕೆ

ಲಾಸ್ ಏಂಜಲೀಸ್ ಸ್ಪೇನಿನವರ ಆಳ್ವಿಕೆಯಲ್ಲಿ 1781ರಲ್ಲಿ ಶುರುವಾದ ಊರು. ಮೊದಲು ಬಂದು ನೆಲೆಸಿದವರು 44 ಜನ. ಆ ಹಳೇ ಊರಿನ ಚೌಕದ ಪಕ್ಕದ ಸಣ್ಣ ಓಣಿಯೇ ಓಲ್ವೇರಾ ಬೀದಿ. ನಗರದ ಅತಿ ಹಳೆಯ ಮನೆ, 1818ರ ಅವಿಲಾ ಅಡೋಬಿ, ಇರುವುದು ಇಲ್ಲೇ. 1920ರ ದಶಕದ ಕೊನೆಗೆ ಈ ಮನೆಯನ್ನು ಕೆಡವಲು ಆದೇಶವಾದಾಗ ಕ್ರಿಸ್ಟೀನ್ ಸ್ಟರ್ಲಿಂಗ್ ಎಂಬ ಮಹಿಳೆ ಓಡಾಡಿ, ದುಡ್ಡು ಕೂಡಿಸಿ, ಇಡೀ ಓಣಿಯನ್ನೇ ‘ಮೆಕ್ಸಿಕನ್ ಸಂತೆಬೀದಿ’ಯಾಗಿ ಮಾಡಿಸಿದರು. 1930ರ ಈಸ್ಟರ್ ಹೊತ್ತಿಗೆ ಬೀದಿ ತೆರೆಯಿತು. ಗುಡಾರದಂಗಡಿ, ಮಣ್ಣಿನ ಕುಡಿಕೆ, ಗಿಟಾರು, ಬಣ್ಣದ ಲಂಗ ಎಲ್ಲವೂ ಇತ್ತು. ಪ್ರವಾಸಿಗರಿಗೆ ಇಷ್ಟವಾಯಿತು. ಸ್ಟರ್ಲಿಂಗ್ ಅವರ ಹೋರಾಟವಿಲ್ಲದಿದ್ದರೆ ಆ ಹಳೇ ಮನೆಯೂ ಇಂದು ಇರುತ್ತಿರಲಿಲ್ಲ. ಇದನ್ನು ಮರೆಯದೆ ಮುಂದಿನದನ್ನು ಓದಬೇಕು.

ಆದರೆ ಅದೇ ಹೊತ್ತಿನಲ್ಲಿ ನಿಜವಾದ ಮೆಕ್ಸಿಕನ್ ಜನರ ಪಾಡು ಬೇರೆ ಇತ್ತು. ಆರ್ಥಿಕ ಕುಸಿತದ ದಿನಗಳು. ಕೆಲಸ ಕಿತ್ತುಕೊಂಡವರು ಇವರೇ ಎಂದು ಮೆಕ್ಸಿಕನ್ನರನ್ನು ರೈಲು ಹತ್ತಿಸಿ ಗಡಿಯಾಚೆ ಕಳಿಸುತ್ತಿದ್ದರು. ಹಾಗೆ ಹೋದವರಲ್ಲಿ ಅಮೆರಿಕದಲ್ಲೇ ಹುಟ್ಟಿದ ನಾಗರಿಕರೂ ಇದ್ದರು. 1931ರ ಫೆಬ್ರವರಿ 26ರಂದು ಅಧಿಕಾರಿಗಳು ಈ ಬೀದಿಗೆ ಅಂಟಿಕೊಂಡಿರುವ ಚೌಕವನ್ನೇ ಸುತ್ತುವರಿದು ಸುಮಾರು 400 ಜನರನ್ನು ತಡೆದಿಟ್ಟು ಕಾಗದಪತ್ರ ಕೇಳಿದರು. ಒಂದು ಕಡೆ ಮೆಕ್ಸಿಕನ್ ಸಂಸ್ಕೃತಿಯ ಸಂತೆ, ಇನ್ನೊಂದು ಕಡೆ ಮೆಕ್ಸಿಕನ್ನರ ಗಡೀಪಾರು. ಎರಡರ ನಡುವೆ ಕೆಲವೇ ಹೆಜ್ಜೆ.

ಸಿಕೇರೋಸ್ 1932ರಲ್ಲಿ ಈ ಊರಿಗೆ ಬಂದದ್ದು ಅಲ್ಪಾವಧಿಯ ವೀಸಾದ ಮೇಲೆ. ಮೆಕ್ಸಿಕೋದಲ್ಲಿ ರಾಜಕೀಯ ಚಟುವಟಿಕೆಗಾಗಿ ಜೈಲು ಕಂಡು, ಆಮೇಲೆ ಟಾಸ್ಕೋ ಊರು ಬಿಟ್ಟು ಕದಲದಂತೆ ಇರಿಸಿದ್ದ ಕಾಲ ಅದಾಗಲೇ ಮುಗಿದಿತ್ತು. ಶುನಾರ್ಡ್ ಕಲಾಶಾಲೆಯಲ್ಲಿ ಭಿತ್ತಿಚಿತ್ರ ಕಲಿಸಿದರು, ಅಲ್ಲೇ ಒಂದು ಗೋಡೆಗೆ ಚಿತ್ರ ಬರೆದರು. ಅದನ್ನು ನೋಡಿ ಓಲ್ವೇರಾ ಬೀದಿಯ ಇಟಾಲಿಯನ್ ಹಾಲ್ ಕಟ್ಟಡದಲ್ಲಿ ಪ್ಲಾಜಾ ಆರ್ಟ್ ಸೆಂಟರ್ ನಡೆಸುತ್ತಿದ್ದ ಎಫ್. ಕೆ. ಫೆರೆನ್ಜ್ ಕೆಲಸ ಒಪ್ಪಿಸಿದರು. ಕೊಟ್ಟ ವಿಷಯ ‘ಉಷ್ಣವಲಯದ ಅಮೆರಿಕ’. ಅವರ ಕಣ್ಣ ಮುಂದಿದ್ದದ್ದು ತಾಳೆಮರ, ಗಿಳಿ, ಹಣ್ಣು ತಾನಾಗಿ ಬಾಯಿಗೆ ಬೀಳುವ ಸುಖದ ನಾಡು ಎಂದು ಸಿಕೇರೋಸ್ ಮುಂದೆ ನೆನಪಿಸಿಕೊಂಡಿದ್ದಾರೆ.

ಮೊದಲ ತೊಡಕು ಹುಟ್ಟಿದ್ದು ಇಲ್ಲೇ. ಎರಡೇ ಪದದ ವಿಷಯ ಕೊಟ್ಟರು. ಕೊಟ್ಟವರ ಮನಸ್ಸಿನಲ್ಲಿ ಒಂದು ಚಿತ್ರ, ತೆಗೆದುಕೊಂಡವರ ಮನಸ್ಸಿನಲ್ಲಿ ಇನ್ನೊಂದು. ಪರಂಪರೆಯ ಪ್ರದರ್ಶನ ಏರ್ಪಡಿಸುವ ಎಲ್ಲ ಕಡೆಯೂ ಇಂದಿಗೂ ಇದೇ ಆಗುತ್ತದೆ: ‘ನಮ್ಮ ಸಂಸ್ಕೃತಿ’ ಎಂದು ತಲೆಬರಹ ಕೊಡುತ್ತಾರೆ, ನೋವಿನ ಭಾಗವೂ ಅದರೊಳಗೆ ಬರುತ್ತದೆಯೇ ಎಂದು ಯಾರೂ ಮೊದಲೇ ಕೂತು ಮಾತಾಡುವುದಿಲ್ಲ. ಪೂರ್ಣ ಅಳತೆಯ ಕರಡನ್ನು ಇಬ್ಬರೂ ಮುಂದಿಟ್ಟುಕೊಂಡು ಒಪ್ಪಿಗೆ ಬರೆದುಕೊಳ್ಳುವುದು ಕಲಾವಿದನ ಕೈ ಕಟ್ಟಲಿಕ್ಕಲ್ಲ. ಬರೆದದ್ದನ್ನು ಆಮೇಲೆ ಅಳಿಸದಂತೆ ಮಾಲೀಕನ ಕೈ ಕಟ್ಟಲಿಕ್ಕೆ.

ಗೋಡೆ, ಗಾರೆ, ಗನ್ನು

ಚಿತ್ರ ಬರೆದದ್ದು ಇಟಾಲಿಯನ್ ಹಾಲ್‌ನ ಎರಡನೇ ಅಂತಸ್ತಿನ ಹೊರಗೋಡೆಯ ಮೇಲೆ. ಎತ್ತರ ಸುಮಾರು 18 ಅಡಿ, ಉದ್ದ ಸುಮಾರು 80 ಅಡಿ. ಎಂದರೆ 1,400 ಚದರ ಅಡಿಗೂ ಹೆಚ್ಚು. ಗೋಡೆ ದಕ್ಷಿಣಕ್ಕೆ ಮುಖ ಮಾಡಿದೆ. ಉತ್ತರಾರ್ಧ ಗೋಳದಲ್ಲಿ ದಕ್ಷಿಣದ ಗೋಡೆಗೆ ವರ್ಷವಿಡೀ ಬಿಸಿಲು. ಕ್ಯಾಲಿಫೋರ್ನಿಯಾದ ಬಿಸಿಲಿಗೆ ಮುಖವೊಡ್ಡಿದ ಬಯಲು ಗೋಡೆಯ ಚಿತ್ರ ಎಂದರೆ ಮೊದಲ ದಿನದಿಂದಲೇ ಬಣ್ಣದ ಆಯಸ್ಸು ಎಣಿಕೆ ಶುರು.

ಹಳೇ ಪದ್ಧತಿಯ ಹಸಿಗಾರೆ ಚಿತ್ರದಲ್ಲಿ ನಡೆಯುವುದು ಹೀಗೆ. ಚೆನ್ನಾಗಿ ಕೊಳೆಸಿದ ಸುಣ್ಣಕ್ಕೆ ಒಂದಕ್ಕೆ ಎರಡೋ ಮೂರೋ ಪಾಲು ಮರಳು ಸೇರಿಸಿ ಒರಟು ಪದರ ಹಾಕುತ್ತಾರೆ. ಅದರ ಮೇಲೆ ಆ ದಿನ ಬರೆದು ಮುಗಿಸಬಹುದಾದಷ್ಟೇ ಜಾಗಕ್ಕೆ, ಮರಳು ಕಡಿಮೆಯಿರುವ ತೆಳು ಪದರ. ಅದು ಹಸಿಯಾಗಿರುವಾಗಲೇ ನೀರಿನಲ್ಲಿ ಕದಡಿದ ಬಣ್ಣ ಹಚ್ಚಬೇಕು. ಸುಣ್ಣ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿ ಮತ್ತೆ ಸುಣ್ಣಕಲ್ಲಾಗುವಾಗ ಮೇಲ್ಮೈಯಲ್ಲಿ ಹರಳು ಕಟ್ಟುತ್ತದೆ, ಬಣ್ಣದ ಕಣಗಳು ಆ ಹರಳಿನೊಳಗೆ ಸಿಕ್ಕಿಕೊಳ್ಳುತ್ತವೆ. ಬಣ್ಣಕ್ಕೆ ಬೇರೆ ಅಂಟು ಬೇಡ. ಕಲಾವಿದನಿಗೆ ಕುಂಚ ಹಿಡಿದು ನಿಧಾನವಾಗಿ ಬರೆಯಲು ಹಲವಾರು ಗಂಟೆ ಸಿಗುತ್ತದೆ.

ಸಿಕೇರೋಸ್ ಲಾಸ್ ಏಂಜಲೀಸಿನಲ್ಲಿ ಈ ದಾರಿ ಬಿಟ್ಟರು. ಹೊಸ ಊರಿನ ಹೊಸ ಕಾಂಕ್ರೀಟ್ ಗೋಡೆಗಳಿಗೆ ಸುಣ್ಣದ ಗಾರೆ ಸರಿಯಾಗಿ ಕಚ್ಚುವುದಿಲ್ಲ ಎಂಬ ಸಮಸ್ಯೆ ಕಲಾಶಾಲೆಯ ಗೋಡೆಯಲ್ಲೇ ಎದುರಾಗಿತ್ತು. ಅಲ್ಲಿನ ವಾಸ್ತುಶಿಲ್ಪಿಗಳ ಸಲಹೆಯಂತೆ ಸಿಮೆಂಟ್ ಗಾರೆಗೆ ಹೋದರು. ಸಿಮೆಂಟ್ ಹಿಡಿದ ಮೇಲೆ ಕೈಯಲ್ಲಿದ್ದ ಕುಂಚವೇ ಕೆಲಸಕ್ಕೆ ಬಾರದಾಯಿತು. ಪೋರ್ಟ್‌ಲ್ಯಾಂಡ್ ಸಿಮೆಂಟ್ ಕಲೆಸಿದ ಅರ್ಧ ಮುಕ್ಕಾಲು ಗಂಟೆಯಲ್ಲಿ ಬಿಗಿಯತೊಡಗುತ್ತದೆ. ಬಿಸಿಲಲ್ಲಿ ಇನ್ನೂ ಬೇಗ. ಅಷ್ಟರೊಳಗೆ ಅಡಿಗಟ್ಟಲೆ ಜಾಗಕ್ಕೆ ಬಣ್ಣ ಹಾಯಿಸಬೇಕಾದರೆ ವಾಹನಕ್ಕೆ ಪೇಂಟ್ ಹೊಡೆಯುವ ಗಾಳಿಗನ್ನೇ ಗತಿ. ಅಂಚು ಬೇಕಾದಲ್ಲಿ ಕತ್ತರಿಸಿದ ಅಚ್ಚುಹಾಳೆ ಹಿಡಿದು ಸಿಂಪಡಿಸಿದರೆ ಆಯಿತು. ಗೋಡೆಯ ಮೈ ಒರಟು ಮಾಡಲು ಉಳಿಯ ಬದಲು ಗಾಳಿಯೊತ್ತಡದ ಡ್ರಿಲ್. ಕರಡನ್ನು ದೊಡ್ಡದು ಮಾಡಿ ಗೋಡೆಗೆ ಬೀಳಿಸಲು ಪ್ರೊಜೆಕ್ಟರ್. ಒಂದು ಬದಲಾವಣೆ ಇನ್ನೊಂದನ್ನು ಎಳೆದುತಂದಿತು. ಯಂತ್ರಯುಗದ ಚಿತ್ರಕ್ಕೆ ಯಂತ್ರದ್ದೇ ಹತ್ಯಾರ ಬೇಕೆಂದು ಅವರು ವಾದಿಸಿದ್ದು ನಿಜ, ಆದರೆ ಆ ವಾದ ಹುಟ್ಟಿದ್ದು ಸಿಮೆಂಟ್ ಬಿಗಿಯುವ ವೇಗದಿಂದ ಎಂಬುದನ್ನು ಗಾರೆ ಕೆಲಸ ಗೊತ್ತಿದ್ದವರು ಬೇಗ ಹಿಡಿಯುತ್ತಾರೆ.

ಇದರ ಬೆಲೆ ಏನು? ಸಿಮೆಂಟಿನಲ್ಲಿ ಬಣ್ಣ ಸಿಕ್ಕಿಕೊಳ್ಳುವ ಬಗೆ ಸುಣ್ಣದಷ್ಟು ಗಟ್ಟಿಯದಲ್ಲ. ಸ್ವಲ್ಪ ತಡವಾಗಿ ಸಿಂಪಡಿಸಿದ ಬಣ್ಣ ಒಳಕ್ಕೆ ಇಳಿಯದೆ ಮೇಲೆ ಧೂಳಿನಂತೆ ಕೂರುತ್ತದೆ, ಮಳೆ ಗಾಳಿಗೆ ಉದುರುತ್ತದೆ. ಸಿಮೆಂಟಿನ ಕ್ಷಾರ ಬಲು ಜೋರು. ಕಬ್ಬಿಣದ ಕೆಂಪು, ಹಳದಿ, ಕಂದು ಮಣ್ಣುಬಣ್ಣಗಳು ತಡೆದುಕೊಳ್ಳುತ್ತವೆ, ಪ್ರಶ್ಯನ್ ನೀಲಿಯಂಥವು ಕೆಡುತ್ತವೆ. ಜೊತೆಗೆ ಸಿಮೆಂಟಿನಲ್ಲಿರುವ ಕರಗುವ ಲವಣಗಳು ತೇವದೊಂದಿಗೆ ಮೇಲೆ ಬಂದು ಒಣಗುವಾಗ ಹರಳುಗಟ್ಟಿ ಬಣ್ಣದ ಪದರವನ್ನು ಒಳಗಿನಿಂದ ನೂಕುತ್ತವೆ. ಹಳೇ ಮನೆಯ ಗೋಡೆಯ ಬುಡದಲ್ಲಿ ಬಿಳಿ ಪುಡಿ ಉಬ್ಬಿ ಬಣ್ಣ ಸಿಪ್ಪೆಯೇಳುವುದನ್ನು ಕಂಡವರಿಗೆ ಇದನ್ನು ವಿವರಿಸಬೇಕಿಲ್ಲ.

ಕೊನೆಯ ರಾತ್ರಿ

ಸುಮಾರು 20 ಕಲಾವಿದರ ತಂಡ ವಾರಗಟ್ಟಲೆ ದುಡಿಯಿತು. ಎಡಕ್ಕೆ ತಿರುಚಿಕೊಂಡ ದೈತ್ಯಮರಗಳ ಕಾಡು. ನಡುವೆ ಕಾಡು ನುಂಗುತ್ತಿರುವ ಮಾಯಾ ಪಿರಮಿಡ್ಡು, ಉರುಳಿಬಿದ್ದ ಶಿಲ್ಪಗಳು. ನೋಡಿದವರಿಗೆ ಗಿಳಿ ಕಾಣದಿದ್ದರೂ ಕಾಡು ಕಾಣುತ್ತಿತ್ತು, ಆತಂಕಕ್ಕೆ ಕಾರಣವಿರಲಿಲ್ಲ. ಪಿರಮಿಡ್ಡಿನ ಮುಂದಿನ ಜಾಗ ಮಾತ್ರ ಖಾಲಿ ಉಳಿದಿತ್ತು.

ಅನಾವರಣದ ಹಿಂದಿನ ರಾತ್ರಿ ಸಿಕೇರೋಸ್ ಸಹಾಯಕರನ್ನು ಮನೆಗೆ ಕಳಿಸಿ ಒಬ್ಬರೇ ಅಟ್ಟಣಿಗೆ ಹತ್ತಿದರು. ಬೆಳಗಾದಾಗ ಆ ಖಾಲಿ ಜಾಗದಲ್ಲಿ ಜೋಡಿ ಶಿಲುಬೆಗೆ ಬಿಗಿದ ಮೂಲನಿವಾಸಿ ಕೂಲಿಯ ದೇಹ ಜೋತಿತ್ತು. ಶಿಲುಬೆಯ ನೆತ್ತಿಯ ಮೇಲೆ ರೆಕ್ಕೆ ಬಿಚ್ಚಿದ ಹದ್ದು, ಅಮೆರಿಕದ ಲಾಂಛನದ ಹದ್ದು. ಬಲತುದಿಯಲ್ಲಿ ಮಾಳಿಗೆಯ ಮೇಲೆ ಕೂತ ಇಬ್ಬರು, ಒಬ್ಬ ಪೆರುವಿನ ರೈತ, ಇನ್ನೊಬ್ಬ ಮೆಕ್ಸಿಕೋದ ರೈತ, ಬಂದೂಕು ಹಿಡಿದು ಹದ್ದಿನತ್ತ ಗುರಿಯಿಟ್ಟಿದ್ದರು. ಚಿತ್ರದ ಪೂರ್ಣ ಹೆಸರಿನಲ್ಲೇ ಅರ್ಥವಿದೆ: ‘ಸಾಮ್ರಾಜ್ಯಶಾಹಿಗಳು ತುಳಿದು ಹಾಳುಗೆಡವಿದ ಉಷ್ಣವಲಯದ ಅಮೆರಿಕ’.

ಗಡೀಪಾರಿನ ರೈಲುಗಳು ಹೊರಡುತ್ತಿದ್ದ ಊರಿನಲ್ಲಿ, ಜನರನ್ನು ಸುತ್ತುವರಿದ ಚೌಕದ ಮಗ್ಗುಲಲ್ಲಿ, ಆ ದೇಹ ಏನು ಹೇಳುತ್ತಿತ್ತೆಂದು ನೋಡಿದವರೆಲ್ಲರಿಗೂ ತಿಳಿಯಿತು. ಈ ಚಿತ್ರ ಪರಂಪರೆಯ ಅವಹೇಳನ ಎಂದವರು ಅಂದೂ ಇದ್ದರು. ನಮ್ಮ ಮಟ್ಟಿಗೆ ಆ ಬೀದಿಯಲ್ಲಿ ಪರಂಪರೆಗೆ ಸಂದ ಅತ್ಯಂತ ಪ್ರಾಮಾಣಿಕ ಗೌರವ ಇದೇ ಆಗಿತ್ತು.

ಅಳಿಸಿದ ಕ್ರಮ

ಸುಣ್ಣ ಬಳಿದದ್ದು ಒಂದೇ ಸಲಕ್ಕಲ್ಲ. ಗೋಡೆ ಮೇಲಂತಸ್ತಿನಲ್ಲಿದ್ದುದರಿಂದ ಓಲ್ವೇರಾ ಬೀದಿಯಲ್ಲಿ ನಡೆಯುವವರಿಗೆ ಕಾಣುತ್ತಿದ್ದದ್ದು ಬಲತುದಿ ಮಾತ್ರ, ಬಂದೂಕುಧಾರಿಗಳ ಭಾಗ. ಮೊದಲು ಬಳಿದದ್ದು ಅದನ್ನೇ, ಚಿತ್ರ ಮುಗಿದ ಅಲ್ಪಕಾಲದಲ್ಲೇ. ಉಳಿದದ್ದನ್ನು ಆಮೇಲೆ, 1930ರ ದಶಕ ಮುಗಿಯುವ ಮೊದಲೇ ಇಡೀ ಗೋಡೆ ಬೆಳ್ಳಗಾಗಿತ್ತು. ಸಿಕೇರೋಸ್ ಎದುರಾಡುವಂತೆಯೂ ಇರಲಿಲ್ಲ. ವೀಸಾ ಮುಂದುವರಿಯದೆ 1932 ಮುಗಿಯುವುದರೊಳಗೆ ದೇಶ ಬಿಟ್ಟಿದ್ದರು. ಆ ಊರಿನಲ್ಲಿ ಅವರು ಬರೆದ ಮೂರು ಗೋಡೆಚಿತ್ರಗಳಲ್ಲಿ ಕಲಾಶಾಲೆಯದ್ದೂ ಮರೆಯಾಯಿತು. ಚೆನ್ನಾಗಿ ಉಳಿದದ್ದು ಒಂದೇ, ಸಿನಿಮಾ ನಿರ್ದೇಶಕರೊಬ್ಬರ ಖಾಸಗಿ ಮನೆಯಲ್ಲಿ ಬರೆದದ್ದು. ಅದೀಗ ಸಾಂಟಾ ಬಾರ್ಬರಾ ಕಲಾ ವಸ್ತುಸಂಗ್ರಹಾಲಯದಲ್ಲಿದೆ.

ಬೀದಿಯಿಂದ ಕಾಣುವಷ್ಟನ್ನು ಮೊದಲು ಅಳಿಸಿದರೆಂಬ ಈ ವಿವರ ಪ್ರಕರಣದ ಕೀಲಿ. ಸಾರ್ವಜನಿಕ ಜಾಗದ ಚಿತ್ರಕ್ಕೆ ಅಪಾಯ ಇರುವುದು ಅದರ ಒಟ್ಟು ಅರ್ಥದಿಂದ ಎಷ್ಟೋ ಅಷ್ಟೇ, ಯಾವ ತುಂಡು ಯಾರ ಕಣ್ಣಿಗೆ ಬೀಳುತ್ತದೆ ಎಂಬುದರಿಂದ. ಜಾಗ ನೋಡಲು ಹೋದಾಗ ಗೋಡೆಯ ಮುಂದೆ ನಿಂತು ಅಳತೆ ತೆಗೆದರೆ ಸಾಲದು. ಅಂಗಡಿ ಬಾಗಿಲಿನಿಂದ, ರಸ್ತೆಯಾಚೆಯಿಂದ, ಎದುರು ಮಾಳಿಗೆಯಿಂದ ಏನು ಕಾಣುತ್ತದೆಂದು ಬೇರೆ ಬೇರೆ ನಕ್ಷೆ ಮಾಡಿಟ್ಟುಕೊಳ್ಳಬೇಕು.

ಕಾನೂನಿನ ಕಡೆಯಿಂದ ಅಂದು ಕಲಾವಿದನಿಗೆ ಏನೂ ಇರಲಿಲ್ಲ. ಗೋಡೆ ಯಾರದೋ, ಚಿತ್ರವೂ ಅವರದೇ. ಕ್ಯಾಲಿಫೋರ್ನಿಯಾದಲ್ಲಿ ಕಲಾಕೃತಿ ಸಂರಕ್ಷಣೆಯ ಕಾಯ್ದೆ ಬಂದದ್ದು 1979ರಲ್ಲಿ. ಅಮೆರಿಕದ ಕೇಂದ್ರ ಸರ್ಕಾರ ದೃಶ್ಯಕಲಾವಿದರ ಹಕ್ಕಿನ ಕಾಯ್ದೆ ಮಾಡಿದ್ದು 1990ರಲ್ಲಿ. ಕಟ್ಟಡದಿಂದ ಬಿಡಿಸಬಹುದಾದ ಕೃತಿಯಾದರೆ ಕಲಾವಿದರಿಗೆ 90 ದಿನಗಳ ನೋಟಿಸ್ ಕೊಡಬೇಕು. ಇದು ಹೆಸರಿಗಷ್ಟೇ ಇರುವ ಕಾನೂನಲ್ಲ. ಅದೇ ಊರಿನಲ್ಲಿ ಕೆಂಟ್ ಟ್ವಿಚೆಲ್ ಬರೆದಿದ್ದ ಕಲಾವಿದ ಎಡ್ ರೂಷಾ ಅವರ ಆರು ಅಂತಸ್ತಿನ ಭಾವಚಿತ್ರಕ್ಕೆ 2006ರಲ್ಲಿ ಹೇಳದೆ ಕೇಳದೆ ಬಣ್ಣ ಬಳಿದಾಗ, ಮೊಕದ್ದಮೆ 2008ರಲ್ಲಿ 11 ಲಕ್ಷ ಡಾಲರ್ ಪರಿಹಾರದೊಂದಿಗೆ ರಾಜಿಯಾಯಿತು.

ಬಿಳುಪಿನಿಂದ ಎದ್ದು ಬಂದದ್ದು

ಸುಣ್ಣ ಬಳಿದವರು ಗೋಡೆ ಕೆರೆಯಲಿಲ್ಲ. ಹಾಗಾಗಿ 1960ರ ದಶಕದಲ್ಲಿ ಬಿಸಿಲು ಮಳೆಗೆ ಬಿಳಿಪದರ ಸಡಿಲಗೊಂಡಾಗ ಕೆಳಗಿನ ಆಕೃತಿ ಹೊಳೆಯತೊಡಗಿತು. ಆ ಹೊತ್ತಿಗೆ ಪೂರ್ವ ಲಾಸ್ ಏಂಜಲೀಸಿನಲ್ಲಿ ಚಿಕಾನೊ ಚಳವಳಿ ಎದ್ದಿತ್ತು; ಮೆಕ್ಸಿಕನ್ ಮೂಲದ ಯುವಜನ ತಮ್ಮ ಬೀದಿಗಳ ಗೋಡೆಗೆ ತಮ್ಮ ಇತಿಹಾಸ ಬರೆಯುತ್ತಿದ್ದರು. ಅಂಥವರಿಗೆ ಊರಿನ ನಟ್ಟನಡುವೆ ಒಬ್ಬ ಹಿರಿಯರ ಚಿತ್ರ ಸುಣ್ಣ ಸೀಳಿಕೊಂಡು ಬರುತ್ತಿದೆ ಎಂಬುದು ಎಂಥ ಸುದ್ದಿಯಾಗಿರಬೇಕು! ಕಲಾ ಇತಿಹಾಸಕಾರ್ತಿ ಶಿಫ್ರಾ ಗೋಲ್ಡ್‌ಮನ್ ಅದನ್ನು ಉಳಿಸಲು ಹೋರಾಟ ಶುರುಮಾಡಿದರು. ಹೆಸುಸ್ ಸಾಲ್ವಡೋರ್ ಟ್ರೆವಿನ್ಯೊ 1971ರಲ್ಲಿ ಸಾಕ್ಷ್ಯಚಿತ್ರ ಮಾಡಿದರು. ಮೆಕ್ಸಿಕೋದಿಂದ ಬಂದ ಸಂರಕ್ಷಕರು ಗೋಡೆ ಪರೀಕ್ಷಿಸಿ, ಬಣ್ಣ ಮರಳಿ ಬರುವುದಿಲ್ಲ, ಇರುವುದನ್ನು ಉಳಿಸಬಹುದು ಎಂದರು. ಸಿಕೇರೋಸ್ 1974ರ ಜನವರಿಯಲ್ಲಿ ತೀರಿಕೊಂಡರು.

ಮುಂದಿನದು ಆಮೆವೇಗ. 1980ರ ದಶಕದಲ್ಲಿ ಬಿಸಿಲು ತಾಗದಂತೆ ಪ್ಲೈವುಡ್ ಹೊದಿಸಿದರು. ಗೆಟ್ಟಿ ಸಂರಕ್ಷಣಾ ಸಂಸ್ಥೆ 1988ರಲ್ಲಿ ನಗರಾಡಳಿತದ ಜೊತೆ ಕೈಜೋಡಿಸಿತು. 1990ರ ಸುಮಾರಿಗೆ ಬಿಳಿಪದರ ತೆಗೆಯುವ ಕೆಲಸ. 1994ರಲ್ಲಿ ನಾರ್ತ್‌ರಿಜ್ ಭೂಕಂಪ. ಆಮೇಲೆ ಚಪ್ಪರ, ಕಟ್ಟಡ, ಹಣ ಎಂದು ವರ್ಷಗಳು. ಗೆಟ್ಟಿ ಕೈಹಾಕಿದಲ್ಲಿಂದ ಲೆಕ್ಕ ಹಾಕಿದರೂ 24 ವರ್ಷ. ಖರ್ಚು ಒಟ್ಟು ಸುಮಾರು 1 ಕೋಟಿ ಡಾಲರ್, ನಗರ ಮತ್ತು ಗೆಟ್ಟಿ ಹಂಚಿಕೊಂಡದ್ದು. ಸುಣ್ಣ ಬಳಿಯಲು ಬಕೆಟ್ಟು ಕುಂಚ ಬಿಟ್ಟರೆ ಬೇರೇನೂ ಬೇಕಾಗಿರಲಿಲ್ಲ.

ಗೋಡೆಯ ಶುಶ್ರೂಷೆ

ಇಂಥ ಗೋಡೆಗೆ ಕೈಹಾಕುವ ಕ್ರಮ ಎಲ್ಲ ಕಡೆ ಬಹುತೇಕ ಒಂದೇ, ಮತ್ತು ಅದರಲ್ಲಿ ಯಾವ ಹಂತವನ್ನೂ ಹಾರಿಸುವಂತಿಲ್ಲ.

ಮೊದಲು ದಾಖಲೆ. ಗೋಡೆಯನ್ನು ಚೌಕಗಳಾಗಿ ಭಾಗಿಸಿ, ಒಂದೊಂದು ಚೌಕದ ಫೋಟೋವನ್ನು ನೇರ ಬೆಳಕಿನಲ್ಲೂ ಪಕ್ಕದಿಂದ ಬೀಳುವ ಓರೆ ಬೆಳಕಿನಲ್ಲೂ ತೆಗೆಯಬೇಕು. ಓರೆ ಬೆಳಕಿನಲ್ಲಿ ಉಬ್ಬು, ಬಿರುಕು, ಸಿಪ್ಪೆ ನೆರಳು ಚೆಲ್ಲಿ ಎದ್ದು ಕಾಣುತ್ತವೆ. ಆಮೇಲೆ ಬೆರಳ ಗೆಣ್ಣಿನಿಂದ ಗೋಡೆ ತಟ್ಟುತ್ತಾ ಹೋಗಬೇಕು. ಗಟ್ಟಿಯಿದ್ದಲ್ಲಿ ಮೊಂಡು ಸದ್ದು, ಗಾರೆ ಇಟ್ಟಿಗೆ ಬಿಟ್ಟಿದ್ದಲ್ಲಿ ಡೊಳ್ಳಿನ ಸದ್ದು. ಹಲಸಿನಹಣ್ಣು ತಟ್ಟಿ ನೋಡುವವರಿಗೆ ಈ ಕಿವಿ ಇದ್ದೇ ಇರುತ್ತದೆ. ಟೊಳ್ಳು ಜಾಗಗಳನ್ನೆಲ್ಲ ನಕ್ಷೆಯಲ್ಲಿ ಗುರುತಿಸಿಕೊಳ್ಳದೆ ಬಿಳಿಪದರ ಕೆರೆಯಲು ಹೊರಟರೆ ಸುಣ್ಣದ ಜೊತೆ ಗಾರೆಯೂ ಕಳಚಿ ಕೈಗೆ ಬರುತ್ತದೆ.

ಬಿದ್ದುಹೋಗುವಂತಿರುವ ಬಣ್ಣದ ಚೂರುಗಳ ಮೇಲೆ ತೆಳು ಜಪಾನೀ ಕಾಗದವನ್ನು ಸುಲಭವಾಗಿ ಬಿಡಿಸಬಹುದಾದ ಅಂಟಿನಿಂದ ಹಚ್ಚಿ ತಾತ್ಕಾಲಿಕವಾಗಿ ಹಿಡಿದಿಡುತ್ತಾರೆ. ಆಮೇಲೆ ಟೊಳ್ಳು ತುಂಬಿಸುವುದು. ಚಿತ್ರದಲ್ಲಿ ಈಗಾಗಲೇ ಇರುವ ಬಿರುಕಿನ ಮೂಲಕವೇ ಸೂಜಿ ತೂರಿಸಬೇಕು, ಹೊಸ ತೂತು ಕೊರೆಯುವುದು ಕೊನೆಯ ದಾರಿ. ಮೊದಲು ನೀರು ಮತ್ತು ಆಲ್ಕೋಹಾಲ್ ಮಿಶ್ರಣ ಹಾಯಿಸಿ ಒಳಗಿನ ಧೂಳು ನೆನೆಸುತ್ತಾರೆ. ಈ ಹಂತ ಬಿಟ್ಟರೆ ಒಣ ಇಟ್ಟಿಗೆ ಗಾರೆಯ ನೀರನ್ನು ಹೀರಿಬಿಡುತ್ತದೆ, ಗಾರೆ ಬಾಯಲ್ಲೇ ಕಟ್ಟಿಕೊಂಡು ಒಳಗೆ ಹರಿಯುವುದಿಲ್ಲ. ನಂತರ ಸಿರಿಂಜಿನಲ್ಲಿ ತೆಳುವಾದ, ಲವಣವಿಲ್ಲದ ಗಾರೆ. ಕೆಳಗಿನಿಂದ ಮೇಲಕ್ಕೆ ತುಂಬಬೇಕು. ಮೇಲಿನಿಂದ ಶುರುಮಾಡಿದರೆ ಒಳಗಿನ ಗಾಳಿಗೆ ಹೊರದಾರಿ ಇಲ್ಲದೆ ಗುಳ್ಳೆ ಉಳಿಯುತ್ತದೆ. ಒಮ್ಮೆಗೇ ಹೆಚ್ಚು ತುಂಬಿದರೆ ಅದರ ಭಾರಕ್ಕೆ ಗೋಡೆಯ ಮುಖ ಹೊಟ್ಟೆಯುಬ್ಬುತ್ತದೆ. ಹತ್ತಿ ಸುತ್ತಿದ ಹಲಗೆಯಿಂದ ಮೆಲ್ಲಗೆ ಒತ್ತಿಹಿಡಿದು ಬಿಗಿಯಲು ಬಿಡಬೇಕು. ಇಲ್ಲಿ ಮಾಮೂಲಿ ಸಿಮೆಂಟ್ ಸುರಿದವರು ಮುಂದಿನ ಐದಾರು ಮಳೆಗಾಲದಲ್ಲಿ ಲವಣದ ಹೂ ಅರಳುವುದನ್ನು ನೋಡುತ್ತಾರೆ.

ಬಿಳಿಪದರ ತೆಗೆಯುವುದು ಎಲ್ಲಕ್ಕಿಂತ ನಾಜೂಕಿನ ಕೆಲಸ. ಸುಣ್ಣ ಕರಗಿಸಲು ಆಮ್ಲ ಹಚ್ಚಿದರೆ ಅದು ಸುಣ್ಣವನ್ನಷ್ಟೇ ತಿಂದು ನಿಲ್ಲುವುದಿಲ್ಲ; ಗಾರೆಯಲ್ಲಿರುವುದೂ ಅದೇ ಜಾತಿಯ ವಸ್ತು. ನೀರು ಹೆಚ್ಚಾದರೆ ಲವಣ ಎದ್ದೀತು. ಆದ್ದರಿಂದ ಶಸ್ತ್ರಚಿಕಿತ್ಸೆಯ ಸಣ್ಣ ಚಾಕು, ಮೆತ್ತನೆ ಬ್ರಷ್ಷು, ಭೂತಗನ್ನಡಿ. ಕಣ್ಣಿಗೆ ಬೀಳದ ಮೂಲೆಯಲ್ಲಿ ಅಂಗೈಯಗಲದ ಜಾಗದಲ್ಲಿ ಮೊದಲು ಪರೀಕ್ಷೆ. ಬಿಳಿ ಹೊದಿಕೆ ಬಣ್ಣಕ್ಕಿಂತ ಗಟ್ಟಿಯಾಗಿ ಅಂಟಿದ್ದಲ್ಲಿ ಅದನ್ನು ಎಬ್ಬಿಸಿದರೆ ಅಡಿಯ ಬಣ್ಣವೂ ಸಿಪ್ಪೆಯಂತೆ ಅದರ ಬೆನ್ನಿಗೆ ಹತ್ತಿ ಬರುತ್ತದೆ. ಅಂಥಲ್ಲಿ ನಿಲ್ಲಿಸಬೇಕು. 1,400 ಚದರ ಅಡಿಯ ಗೋಡೆಯಲ್ಲಿ ಅಂಗುಲ ಅಂಗುಲವೂ ಇದೇ ತೀರ್ಮಾನ.

ಮತ್ತೆ ಬಣ್ಣ ತುಂಬಬೇಕೆ?

ಬಿಳಿಪದರ ಹೋದ ಮೇಲೆ ಕಂಡದ್ದು ಮಸುಕು ಕಂದು, ಬೂದು ಛಾಯೆಯ ನೆರಳುಚಿತ್ರ. 1932ರ ಕಪ್ಪು ಬಿಳುಪು ಫೋಟೋಗಳಿವೆ. ಗೆರೆ ಎಲ್ಲಿತ್ತು, ಹದ್ದಿನ ರೆಕ್ಕೆ ಎಷ್ಟು ಚಾಚಿತ್ತು ಎಂಬುದು ಅವುಗಳಿಂದ ತಿಳಿಯುತ್ತದೆ. ಬಣ್ಣದ ಫೋಟೋ ಇಲ್ಲ. ‘ಎಲ್ಲರೂ ನೋಡಲು ಬರುವ ಜಾಗ, ಹೊಸದಾಗಿ ಬರೆಸಿಬಿಡಿ’ ಎಂಬ ಒತ್ತಾಯ ಬಲವಾಗಿತ್ತು. ಅದನ್ನು ಹೇಳಿದವರಲ್ಲಿ ಚಿತ್ರದ ಮೇಲೆ ನಿಜವಾದ ಪ್ರೀತಿಯಿದ್ದವರೂ ಇದ್ದರು.

ನಮ್ಮ ಓದುಗರಿಗೆ ಈ ಪ್ರಶ್ನೆ ಹೊಸದಲ್ಲ. ಶ್ರೀರಂಗಪಟ್ಟಣದ ದರಿಯಾ ದೌಲತ್ ಗೋಡೆಯ ಪೊಳ್ಳಿಲೂರು ಕದನದ ಚಿತ್ರ ಒಮ್ಮೆ ಅಳಿಸಿಹೋಗಿ ವೆಲ್ಲೆಸ್ಲಿ ಅಲ್ಲಿದ್ದಾಗ ಸರಿಯಾಯಿತು, ಮತ್ತೆ ಸುಣ್ಣ ಕಂಡಿತು, 1850ರ ದಶಕದಲ್ಲಿ ಡಾಲ್‌ಹೌಸಿ ಆಜ್ಞೆಯಂತೆ ಮತ್ತೆ ಬರೆಸಿದರು. ಇಂದು ನಾವು ಅಲ್ಲಿ ನಿಂತು ಬೆರಗಾಗುವ ಗೆರೆಯಲ್ಲಿ ಟಿಪ್ಪುವಿನ ಕಾಲದ ಕೈ ಎಷ್ಟು, ಆಮೇಲಿನ ಕೈ ಎಷ್ಟು ಎಂದು ಬಿಡಿಸುವುದು ಕಷ್ಟ. ಆ ಚಿತ್ರ ಕಣ್ತುಂಬ ಉಳಿದಿದೆ, ನಿಜ. ಓಲ್ವೇರಾ ಬೀದಿಯಲ್ಲಿ ತೆಗೆದುಕೊಂಡದ್ದು ಇದಕ್ಕೆ ನೇರ ವಿರುದ್ಧದ ತೀರ್ಮಾನ: ಸಿಕೇರೋಸ್ ಕೈಯ ಗುರುತಿಗೆ ಇನ್ನೊಬ್ಬರ ಕೈ ಸೇರಕೂಡದು. ಗಾರೆ ಬಿದ್ದುಹೋದ ಬಿಳಿ ಚುಕ್ಕೆಗಳು ಕಣ್ಣು ಕುಕ್ಕದಂತೆ ಜಲವರ್ಣದಿಂದ ತಗ್ಗಿಸುವುದು, ಬೇಕೆಂದರೆ ಒದ್ದೆ ಹತ್ತಿಯಿಂದ ಒರೆಸಿ ತೆಗೆಯುವಂತೆ. ಅದರಾಚೆ ಇಲ್ಲ.

ಈ ತೀರ್ಮಾನ ಸರಿಯೆಂದೇ ನಮ್ಮ ಅಭಿಪ್ರಾಯ. ಕಾಣದ ಬಣ್ಣವನ್ನು ಊಹಿಸಿ ತುಂಬಿದರೆ ಚಿತ್ರ ಸುಂದರವಾಗುತ್ತಿತ್ತು, ಆದರೆ ಸುಣ್ಣ ಬಳಿದ ಕೃತ್ಯ ಅಳಿಸಿಹೋಗುತ್ತಿತ್ತು. ಈ ಗೋಡೆಯ ಇತಿಹಾಸದಲ್ಲಿ 1932ರ ಆ ಒಂದು ರಾತ್ರಿಗೆ ಎಷ್ಟು ಪಾಲಿದೆಯೋ ಸುಣ್ಣಕ್ಕೂ ಅಷ್ಟೇ ಪಾಲಿದೆ. ಫೋಟೋ ಆಧರಿಸಿದ ಮರುರಚನೆಯನ್ನು ಬೇರೆ ಪರದೆಯ ಮೇಲೆ, ಬೇರೆ ಕೋಣೆಯಲ್ಲಿ ತೋರಿಸಬಹುದು. ಗೋಡೆಯ ಮೈಮೇಲೆ ಬೇಡ.

ನೋಡುವ ವ್ಯವಸ್ಥೆ

ಬಣ್ಣ ಮಾಸಿದ ಚಿತ್ರವನ್ನು ಜನರಿಗೆ ತೋರಿಸುವುದು ಬಣ್ಣವಿರುವ ಚಿತ್ರ ತೋರಿಸುವುದಕ್ಕಿಂತ ಕಷ್ಟ. ಇಲ್ಲಿ ಮಾಡಿದ್ದು ಇದು: ಗೋಡೆಯ ನೆತ್ತಿಯ ಮೇಲೆ ಮುಂದಕ್ಕೆ ಚಾಚಿದ ಚಪ್ಪರ, ಎರಡೂ ಪಕ್ಕಕ್ಕೆ ಬಿಸಿಲುಮರೆ. ಮಧ್ಯಾಹ್ನದ ಬಿಸಿಲನ್ನು ಚಪ್ಪರ ತಡೆಯುತ್ತದೆ. ಬೆಳಿಗ್ಗೆ ಸಂಜೆಯ ಇಳಿಬಿಸಿಲು ಪಕ್ಕದಿಂದ ನುಗ್ಗುವುದರಿಂದ ಚಪ್ಪರವೊಂದೇ ಸಾಲುತ್ತಿರಲಿಲ್ಲ. ಗೋಡೆಗೆ ಗಾಜು ಮುಚ್ಚಿಲ್ಲ. ಬಯಲಿನ ಗೋಡೆಗೆ ಗಾಜು ಹಾಕಿದರೆ ಒಳಗೆ ಸೆಖೆ ಕಟ್ಟಿ, ರಾತ್ರಿ ತಣ್ಣಗಾದಾಗ ಹನಿಯೊಡೆದು, ಲವಣದ ಕಾಟ ಇಮ್ಮಡಿಯಾಗುತ್ತದೆ. ಎದುರಿನ ಮಾಳಿಗೆಯ ಮೇಲೆ ನೋಡುಗರ ಕಟ್ಟೆ. ಅಲ್ಲಿಂದ ಇಡೀ 80 ಅಡಿ ಒಂದೇ ನೋಟಕ್ಕೆ ಸಿಗುತ್ತದೆ, ಕೈಗೆ ಮಾತ್ರ ಎಟುಕುವುದಿಲ್ಲ.

ಮೇಲೆ ಹತ್ತುವ ಮೊದಲು 1887ರ ಸೆಪುಲ್ವೆಡಾ ಮನೆಯಲ್ಲಿರುವ ವಿವರಣಾ ಕೇಂದ್ರವನ್ನು ಹಾದುಹೋಗಬೇಕೆಂಬ ಜೋಡಣೆ ಬಹಳ ಯೋಚಿಸಿ ಮಾಡಿದ್ದು. ಅಲ್ಲಿ 1932ರ ಫೋಟೋ ನೋಡಿ, ಶಿಲುಬೆ ಎಲ್ಲಿತ್ತೆಂದು ಮನಸ್ಸಿಗೆ ಇಳಿಸಿಕೊಂಡು ಬಂದವರಿಗೆ ಮಸುಕು ಗೋಡೆಯಲ್ಲಿ ಆ ತೋಳುಗಳು ಕಾಣುತ್ತವೆ. ನೇರ ಮೇಲೆ ಬಂದವರಿಗೆ ಕಾಣುವುದು ಕಲೆಬಿದ್ದ ಗಾರೆ, ಅಷ್ಟೇ. ಕಣ್ಣು ಮೊದಲೇ ಹದಗೊಳ್ಳದಿದ್ದರೆ ಹಳೇ ಗೋಡೆ ಯಾರಿಗೂ ಮಾತಾಡುವುದಿಲ್ಲ, ಆದ್ದರಿಂದ ವಿವರಣೆಯ ಫಲಕವನ್ನು ಕೃತಿಯ ಪಕ್ಕದಲ್ಲಿ ಇಡುವುದಕ್ಕಿಂತ ಕೃತಿಗೆ ಹೋಗುವ ದಾರಿಯಲ್ಲಿ ಇಡುವುದು ಮೇಲು.

ಹಲಗೆಯ ಮೇಲೆ ಬರೆದ ಇನ್ನೊಂದು

ಇದೇ ಊರಿನ ಇನ್ನೊಂದು ಚಿತ್ರವನ್ನು ಹೇಳದಿದ್ದರೆ ಪ್ರಕರಣ ಪೂರ್ತಿಯಾಗುವುದಿಲ್ಲ. 1984ರ ಒಲಿಂಪಿಕ್ಸ್ ಬರಲಿದ್ದಾಗ ನಗರದ ಪುನರಭಿವೃದ್ಧಿ ಸಂಸ್ಥೆ ಚಿಕಾನಾ ಕಲಾವಿದೆ ಬಾರ್ಬರಾ ಕರಾಸ್ಕೊ ಅವರಿಗೆ ನಗರದ ಇತಿಹಾಸದ ಭಿತ್ತಿಚಿತ್ರ ಒಪ್ಪಿಸಿತು. ಅಳತೆ 16 ಅಡಿಗೆ 80 ಅಡಿ, ಎಂದರೆ ಹೆಚ್ಚುಕಡಿಮೆ ಸಿಕೇರೋಸ್ ಗೋಡೆಯಷ್ಟೇ. ನಗರದ ರಾಣಿಯೊಬ್ಬಳ ಉದ್ದನೆಯ ಹೆಣೆದ ಕೂದಲಿನ ಎಳೆಎಳೆಯಲ್ಲಿ 51 ದೃಶ್ಯಗಳು. 1871ರ ಚೀನೀಯರ ಹತ್ಯಾಕಾಂಡ, ಎರಡನೇ ಮಹಾಯುದ್ಧದ ಕಾಲದಲ್ಲಿ ಜಪಾನೀ ಮೂಲದವರನ್ನು ಶಿಬಿರಕ್ಕೆ ಕೂಡಿಹಾಕಿದ್ದು ಕೂಡ ಅದರಲ್ಲಿವೆ. ಸಂಸ್ಥೆ 14 ದೃಶ್ಯ ತೆಗೆಯಲು ಹೇಳಿತು. ಅವರು ಒಪ್ಪಲಿಲ್ಲ. ಚಿತ್ರ ಗೋಡೆಗೆ ಏರಲಿಲ್ಲ.

ಆದರೆ ಇದನ್ನು ಬರೆದದ್ದು ಗಾರೆಯ ಮೇಲಲ್ಲ, ಬಿಡಿಸಿ ಜೋಡಿಸಬಹುದಾದ 43 ಹಲಗೆಗಳ ಮೇಲೆ. ಸುಣ್ಣ ಬಳಿಯಲು ಯಾರಿಗೂ ಗೋಡೆ ಸಿಗಲಿಲ್ಲ. ಹಲಗೆಗಳು ವರ್ಷಗಟ್ಟಲೆ ದಾಸ್ತಾನಿನಲ್ಲಿ ಬಿದ್ದಿದ್ದರೂ ಬಣ್ಣ ಉಳಿಯಿತು. 1990ರಲ್ಲಿ ಯೂನಿಯನ್ ಸ್ಟೇಷನ್‌ನಲ್ಲಿ ಕೆಲಕಾಲ ಕಂಡವು, 2018ರಲ್ಲಿ ಲಾಸ್ ಏಂಜಲೀಸ್ ಕೌಂಟಿಯ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂ ಅವುಗಳ ಸುತ್ತಲೇ ಒಂದು ಪ್ರದರ್ಶನ ಏರ್ಪಡಿಸಿತು, 2020ರಲ್ಲಿ ತನ್ನ ಸಂಗ್ರಹಕ್ಕೇ ಸೇರಿಸಿಕೊಂಡಿತು. ಆ ರಾಣಿಯ ಕೂದಲಿನ ಒಂದು ಎಳೆಯಲ್ಲಿ ಓಲ್ವೇರಾ ಬೀದಿಯ ಗೋಡೆ ಇದೆ. ಕರಾಸ್ಕೊ ಅದನ್ನು ಬರೆದಿರುವುದು ಸುಣ್ಣ ಬಳಿಯುತ್ತಿರುವ ಗಳಿಗೆಯಲ್ಲಿ.